ಅಳು ನಿಲ್ಲಿಸಿದ ಮಗು ಹೊಂದಿಕೊಂಡಿದೆ ಅಂತಲ್ಲ

ತೊಗರಿ ರಾಶಿ ಮುಗಿದ ಮೇಲೆ ನಮ್ಮ ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವವರು ಜಾಸ್ತಿ. ಕಟ್ಟಡ ಕೆಲಸದ ಜಾಗದಲ್ಲಿ ಕೂಸು ಹೇಗಿದ್ದೀತು? ಎಷ್ಟೋ ಮಂದಿ ಆಯಿ-ಮುತ್ಯಾನ (ಅಜ್ಜಿ-ಅಜ್ಜನ) ಹತ್ತಿರ ಬಿಟ್ಟು ಹೋಗುತ್ತಾರೆ. ಯುಗಾದಿಗೋ ಜಾತ್ರೆಗೋ ತಾಯಿ ಬಂದಾಗ ಮಗು ಅವಳ ಹತ್ತಿರ ಸುಳಿಯುವುದಿಲ್ಲ. ಆಯಿಯ ಸೆರಗು ಹಿಡಿದು ನಿಲ್ಲುತ್ತದೆ. "ನನ್ ಮಗ ನನಗೇ ಮರ್ತಾನ್ರೀ" ಅಂತ ತಾಯಂದಿರು ನನ್ನ ಮುಂದೆ ಅಳುತ್ತಾರೆ. ಆಮೇಲೆ ಕೇಳುತ್ತಾರೆ: "ಇವನ ಸ್ವಭಾವ ಹಿಂಗೇ ಉಳೀತದೇನ್ರೀ?"

ಮರೆತಿಲ್ಲ. ಮರೆತಿದ್ದರೆ ಹೊಸಬರನ್ನು ನೋಡಿದಂತೆ ನೋಡುತ್ತಿತ್ತು. ಇದು ಮುಖ ತಿರುಗಿಸುವುದು.

ಮನೋವಿಶ್ಲೇಷಣೆ ಎಂಬ ಚಿಂತನೆ ಹುಟ್ಟುಹಾಕಿದ ಫ್ರಾಯ್ಡ್ ಅಂದರೆ ಮಗುವಿನ ಬೆಳವಣಿಗೆಯ ಬಾಯಿಯ ಹಂತ, ಗುದದ ಹಂತ ಅಂತ ಪರೀಕ್ಷೆಗೆ ಓದಿದವರು ಪಟಪಟ ಹೇಳುತ್ತಾರೆ. ನನ್ನ ಸಲಹಾ ಕೋಣೆಯಲ್ಲಿ ಅವು ಅಷ್ಟೇನೂ ಕೆಲಸಕ್ಕೆ ಬಂದಿಲ್ಲ. ಆದರೆ 1920ರಲ್ಲಿ ಅವರು ಬರೆದ ಒಂದು ಸಣ್ಣ ಸಂಗತಿ ತುಂಬಾ ಕೆಲಸಕ್ಕೆ ಬಂದಿದೆ. ಒಂದೂವರೆ ವರ್ಷದ ಮೊಮ್ಮಗ ದಾರ ಕಟ್ಟಿದ ಮರದ ರೀಲನ್ನು ಮಂಚದಾಚೆ ಎಸೆದು 'ಹೋಯ್ತು' ಎನ್ನುತ್ತಿದ್ದ. ಎಳೆದುಕೊಂಡು 'ಬಂತು' ಎನ್ನುತ್ತಿದ್ದ. ತಾಯಿ ಹೊರಗೆ ಹೋಗುವುದನ್ನು ತಡೆಯಲು ಅವನಿಂದ ಆಗುತ್ತಿರಲಿಲ್ಲ. ಆಟದಲ್ಲಾದರೂ ಹೋಗುವುದು, ಬರುವುದು ಅವನ ಕೈಗೆ ಬಂತು. ನೋವನ್ನು ತಾಳಲು ಮನಸ್ಸು ಹೂಡುವ ಇಂಥ ಉಪಾಯಗಳೇ ಮುಂದೆ ಸ್ವಭಾವದ ಭಾಗವಾಗುತ್ತವೆ ಎನ್ನುವುದು ಈ ಚಿಂತನೆಯ ತಿರುಳು. ಫ್ರಾಯ್ಡ್ ಇದನ್ನು ಕಂಡದ್ದು ಮುತ್ಯಾ ಆಗಿ ಮನೆಯಲ್ಲಿ ಸುಮ್ನೆ ಕೂತು ನೋಡಿದಾಗ!

ತಾಯಿ-ಮಗುವಿನ ಅಗಲಿಕೆಯನ್ನು ಅಧ್ಯಯನ ಮಾಡಿದ ಇಂಗ್ಲೆಂಡಿನ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. 1952ರಲ್ಲಿ ರಾಬರ್ಟ್‌ಸನ್, ಆಸ್ಪತ್ರೆಯಲ್ಲಿ ಒಂಟಿಯಾಗಿದ್ದ ಎರಡು ವರ್ಷದ ಹುಡುಗಿಯ ಚಲನಚಿತ್ರ ತೆಗೆದು ತೋರಿಸಿದರು. ತಾಯಿಯಿಂದ ದೂರವಾದ ಮಗು ಮೊದಲು ಚೀರಿ ಅಳುತ್ತದೆ, ಬಾಗಿಲು ಕಾಯುತ್ತದೆ. ಆಮೇಲೆ ಮಂಕಾಗಿ ಮೂಲೆ ಸೇರುತ್ತದೆ. ಮೂರನೆಯ ಹಂತದಲ್ಲಿ ಉಣ್ಣುತ್ತದೆ, ಆಡುತ್ತದೆ, ನಗುತ್ತದೆ. ನಾವೆಲ್ಲ ಮೋಸ ಹೋಗುವುದು ಇಲ್ಲೇ. "ಈಗ ಅಳೋದು ಬಿಟ್ಟಾನ, ಹೊಂದಿಕೊಂಡಾನ" ಅಂತ ಫೋನಿನಲ್ಲಿ ಹೇಳಿಬಿಡುತ್ತೇವೆ. ಎಷ್ಟೋ ಸಲ ಅದು ಹೊಂದಿಕೆಯಲ್ಲ. ಆಸೆ ಇಟ್ಟುಕೊಂಡರೆ ನೋವಾಗುತ್ತದೆ ಅಂತ ಮಗು ಆಸೆಯನ್ನೇ ಮುಚ್ಚಿಟ್ಟಿರುತ್ತದೆ. ಹೀಗೆ ಮತ್ತೆ ಮತ್ತೆ ಆದರೆ, ದೊಡ್ಡವನಾದ ಮೇಲೆ "ನನಗ ಯಾರೂ ಬ್ಯಾಡ್ರಿ" ಎನ್ನುವ ಸ್ವಭಾವಕ್ಕೆ ಅದು ದಾರಿಯಾಗಬಹುದು. ಆಗಿಯೇ ತೀರುತ್ತದೆ ಅಂತಲ್ಲ.

ಹಾಗಂತ ಆಯಿ ಹತ್ತಿರ ಬಿಟ್ಟದ್ದೇ ತಪ್ಪಾ? ನನಗೆ ಹಾಗೆ ಅನಿಸುವುದಿಲ್ಲ. ಇದೇ ರಾಬರ್ಟ್‌ಸನ್ ದಂಪತಿ ಮುಂದೆ ನಾಲ್ಕು ಪುಟ್ಟ ಮಕ್ಕಳನ್ನು, ಒಬ್ಬೊಬ್ಬರಂತೆ, ಸ್ವಲ್ಪ ದಿನ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಒಬ್ಬರೇ ಪ್ರೀತಿಯಿಂದ ನೋಡಿಕೊಂಡಾಗ, ತಾಯಿಯ ವಿಷಯ ಆಗಾಗ ಮಾತಿನಲ್ಲಿ ಬರುತ್ತಿದ್ದಾಗ, ಆ ಮಕ್ಕಳು ಅಷ್ಟೊಂದು ಕುಸಿಯಲಿಲ್ಲ. ಆಯಿ ಮಾಡುವುದೂ ಅದನ್ನೇ ಅಲ್ವಾ? ಕೆಡುವುದು ಕೈ ಬದಲಾದಾಗ. ಎರಡು ತಿಂಗಳು ಆಯಿ, ಆಮೇಲೆ ದೊಡ್ಡವ್ವ, ಆಮೇಲೆ ಪುಣೆ, ಮತ್ತೆ ಊರು.

ಇನ್ನೊಂದು, ಹೇಳದೇ ಹೋಗುವುದು. "ಅಂಗಡಿಗಿ ಹೋಗಿ ಬರ್ತೀನಿ" ಅಂತ ರೈಲು ಹತ್ತಿಬಿಡುತ್ತಾರೆ. ಅತ್ತರೆ ನೋಡಲಾಗದು ಅನ್ನುವುದು ಅವರ ಕಾರಣ, ಅರ್ಥವಾಗುತ್ತದೆ. ಆದರೆ ಆಮೇಲೆ ಆ ಮಗು ಆಯಿಯನ್ನು ಬಾವಿಕಟ್ಟೆಗೂ ಬಿಡುವುದಿಲ್ಲ. ಅತ್ತರೂ ಸರಿ, ಎದುರಿಗೆ ಹೇಳಿ ಹೋಗಿ. ನಿಮ್ಮ ಹಳೇ ಸೀರೆಯೊಂದನ್ನು ಅದರ ಹಾಸಿಗೆಯಲ್ಲಿ ಬಿಡಿ. ಆಯಿ ದಿನಾ ನಿಮ್ಮ ಹೆಸರೆತ್ತಿ ಮಾತಾಡಲಿ.

ವಾಪಸ್ ಬಂದಾಗ ಎಳೆದು ಎತ್ತಿಕೊಳ್ಳಬೇಡಿ. ಹತ್ತಿರ ಕೂತು ಅದರ ಆಟಕ್ಕೆ ಸೇರಿಕೊಳ್ಳಿ. ಕೆಲವು ದಿನಕ್ಕೆ ಮಗು ಹೊಡೆಯುತ್ತದೆ, ಹಟ ಮಾಡುತ್ತದೆ, ನಿಮ್ಮನ್ನು ಬಿಡದೆ ಅಂಟಿಕೊಳ್ಳುತ್ತದೆ. "ಆಯಿ ಸಲುಗೆ ಕೊಟ್ಟು ಕೆಡಿಸ್ಯಾಳ" ಅಂತ ಜಗಳ ಶುರುವಾಗುವುದು ಆಗಲೇ. ಮುಚ್ಚಿಟ್ಟ ಆಸೆ ಹೊರಬರುತ್ತಿದೆ ಅಷ್ಟೇ, ಹೊಡೆಯಬೇಡಿ. ಮಗು ತಿಂಗಳುಗಟ್ಟಲೆ ಯಾರ ಹತ್ತಿರವೂ ಹೋಗದಿದ್ದರೆ, ಮಾತು ಕಡಿಮೆಯಾದರೆ, ಸರಿಯಾಗಿ ಉಣ್ಣದಿದ್ದರೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ತೋರಿಸಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.