ಮಾರ್ಸಿಯಾನೊನನ್ನು ಇಂದಿನ ತಕ್ಕಡಿಯ ಮೇಲೆ ನಿಲ್ಲಿಸಿದರೆ

1952ರ ಸೆಪ್ಟೆಂಬರ್ 23ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಬಾಕ್ಸರ್ ರಾಕಿ ಮಾರ್ಸಿಯಾನೊ ಸೋಲುತ್ತಿದ್ದ. ಮೊದಲ ರೌಂಡಿನಲ್ಲೇ ಒಮ್ಮೆ ನೆಲ ಕಂಡಿದ್ದ. ಹನ್ನೆರಡು ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್ ಮುಂದಿದ್ದ. ಹದಿಮೂರನೇ ರೌಂಡಿನಲ್ಲಿ ಒಂದು ಬಲಗೈ ಗುದ್ದು ಬಿತ್ತು. ದೂರದಿಂದ ಬೀಸಿ ಬಂದದ್ದಲ್ಲ, ತೀರಾ ಹತ್ತಿರದಿಂದ ಹೊಡೆದದ್ದು. ವಾಲ್ಕಾಟ್ ಒಂದು ತೋಳನ್ನು ಹಗ್ಗಕ್ಕೆ ನೇತುಹಾಕಿಕೊಂಡು ಹಾಗೇ ಕುಸಿದ. ಹೆವಿವೇಟ್ ಪಟ್ಟ ಮಾರ್ಸಿಯಾನೊ ಪಾಲಾಯಿತು.

1956ರಲ್ಲಿ ನಿವೃತ್ತಿ ಹೇಳಿದಾಗ ಆತನ ದಾಖಲೆ 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಅಂದಿನಿಂದ ಬಾಕ್ಸಿಂಗ್ ಪ್ರಿಯರು ಕೇಳುತ್ತಲೇ ಇದ್ದಾರೆ: ಈತ ಇಂದಿನ ಹೆವಿವೇಟ್‌ಗಳ ಎದುರು ನಿಂತಿದ್ದರೆ?

ತೊಡಕು ತಕ್ಕಡಿಯಿಂದಲೇ ಶುರುವಾಗುತ್ತದೆ. ಆ ರಾತ್ರಿ ಮಾರ್ಸಿಯಾನೊ ತೂಗಿದ್ದು 184 ಪೌಂಡ್, ಅಂದರೆ ಸುಮಾರು 83 ಕೆಜಿ. ಆಗ 175 ಪೌಂಡ್ ದಾಟಿದವರೆಲ್ಲ ಹೆವಿವೇಟ್. ಇಂದು ಹೆವಿವೇಟ್ ಶುರುವಾಗುವುದೇ 200 ಪೌಂಡ್ ಮೇಲೆ, ಸುಮಾರು 91 ಕೆಜಿ. ನಡುವಿನವರಿಗೆಂದು 1970ರ ದಶಕದ ಕೊನೆಯಲ್ಲಿ ಕ್ರೂಸರ್‌ವೇಟ್ ಎಂಬ ವಿಭಾಗ ಹುಟ್ಟಿಕೊಂಡಿತು. ಅಂದರೆ ಇಂದಿನ ಪ್ರಕಾರ ಮಾರ್ಸಿಯಾನೊ ಹೆವಿವೇಟೇ ಅಲ್ಲ! ಎರಡೂ ಕಾಲಕ್ಕೆ ಹೆಸರು ಒಂದೇ. ಅದು ಸೂಚಿಸುವ ಮನುಷ್ಯರು ಮಾತ್ರ ಬೇರೆ.

2024ರ ಡಿಸೆಂಬರ್‌ನಲ್ಲಿ ರಿಯಾದ್‌ನಲ್ಲಿ ಈ ಕಾಲದ ಹೆವಿವೇಟ್‌ಗಳಾದ ಒಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಎರಡನೇ ಸಲ ಎದುರಾದಾಗ ಫ್ಯೂರಿ ತೂಗಿದ್ದು 281 ಪೌಂಡ್, ಸುಮಾರು 127 ಕೆಜಿ. ಮಾರ್ಸಿಯಾನೊನ ಒಂದೂವರೆ ಪಟ್ಟು. ಹಾಗಾದರೆ ಶಕ್ತಿಯೂ ಒಂದೂವರೆ ಪಟ್ಟೇ? ಅಲ್ಲ. ಸ್ನಾಯುವಿನ ಬಲ ಅದರ ಅಡ್ಡ ಸೀಳಿನ ವಿಸ್ತೀರ್ಣಕ್ಕೆ ತಕ್ಕಂತೆ ಏರುತ್ತದೆ. ತೂಕ ಏರುವುದು ಗಾತ್ರಕ್ಕೆ ತಕ್ಕಂತೆ. ದೇಹದ ಆಕಾರ ಒಂದೇ ಎಂದುಕೊಂಡು ಲೆಕ್ಕ ಹಾಕಿದರೆ, ಒಂದೂವರೆ ಪಟ್ಟು ತೂಕದವನಿಗೆ ಬಲ ಸಿಗುವುದು ಸುಮಾರು 1.3 ಪಟ್ಟು ಮಾತ್ರ. ಹೊರಬೇಕಾದ ಭಾರ ಮಾತ್ರ ಪೂರ್ತಿ ಒಂದೂವರೆ ಪಟ್ಟು. ದೊಡ್ಡವರು ನಿಧಾನ, ಬೇಗ ದಣಿಯುತ್ತಾರೆ ಅನ್ನುವ ಮಾತಿನ ಹಿಂದೆ ಇರುವುದು ಇದೇ.

ಇನ್ನೊಂದು ವಿಷಯ ಗುದ್ದಿನದ್ದು. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊನ ಗುದ್ದನ್ನು ಅಳೆದು ಪ್ರಕಟಿಸಿದರು. ಮುಷ್ಟಿ ಗುರಿ ಮುಟ್ಟಲು ತೆಗೆದುಕೊಂಡದ್ದು ಸೆಕೆಂಡಿನ ಹತ್ತನೇ ಒಂದು ಭಾಗ. ಬಡಿದಾಗಿನ ವೇಗ ಸೆಕೆಂಡಿಗೆ 8.9 ಮೀಟರ್. ಬಲ 4,096 ನ್ಯೂಟನ್, ಹೆಚ್ಚುಕಡಿಮೆ 400 ಕೆಜಿ ಭಾರ ಒತ್ತಿದಂತೆ. ಮೆತ್ತೆ ಸುತ್ತಿದ 6 ಕೆಜಿ ಮರದ ಸುತ್ತಿಗೆಯನ್ನು ಗಂಟೆಗೆ 32 ಕಿಮೀ ವೇಗದಲ್ಲಿ ಬೀಸಿದರೆ ಎಷ್ಟೋ ಅಷ್ಟು.

ಇಂಥ ಏಟಿಗೆ ಪ್ರಜ್ಞೆ ತಪ್ಪುವುದೇಕೆ? ದವಡೆಗೆ ಬಿದ್ದ ಗುದ್ದು ತಲೆಯನ್ನು ಗಕ್ಕನೆ ತಿರುಗಿಸುತ್ತದೆ. ಒಳಗಿರುವ ಮಿದುಳು ತಲೆಬುರುಡೆಯ ಜೊತೆಗೇ ತಿರುಗದೆ ಹಿಂದೆ ಬೀಳುತ್ತದೆ. ಆ ಎಳೆದಾಟದಲ್ಲಿ ನರತಂತುಗಳ ಕೆಲಸ ಕೈಕೊಡುತ್ತದೆ. ಮಿದುಳು ದೇಹದ ಜೊತೆ ಅದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ ಅನ್ನುವುದನ್ನು ಇಲ್ಲಿ ಗಮನಿಸಬೇಕು. 127 ಕೆಜಿಯವನಿಗೆ ಕತ್ತು ದಪ್ಪ ಇರಬಹುದು, ಮಿದುಳೇನೂ ಒಂದೂವರೆ ಪಟ್ಟು ಗಟ್ಟಿ ಇರುವುದಿಲ್ಲ. 83 ಕೆಜಿಯ ಮಾರ್ಸಿಯಾನೊನ ಬಲಗೈ ಸರಿಯಾಗಿ ತಗುಲಿದರೆ ಇಂದಿನ ಯಾವ ಹೆವಿವೇಟೂ ಬೀಳಬಹುದು.

ತಗುಲಿದರೆ. ಎಲ್ಲ ಇರುವುದು ಅಲ್ಲೇ. ಮಾರ್ಸಿಯಾನೊನ ರೀಚ್, ಅಂದರೆ ಎರಡೂ ಕೈ ಚಾಚಿದಾಗ ತುದಿಯಿಂದ ತುದಿಗೆ ಅಳತೆ, 170 ಸೆಂ.ಮೀ. ಆಸುಪಾಸು. ಹೆವಿವೇಟ್ ಚಾಂಪಿಯನ್‌ಗಳಲ್ಲಿ ಇಷ್ಟು ಗಿಡ್ಡ ತೋಳು ತೀರಾ ಅಪರೂಪ. ಉಸಿಕ್‌ನದು 198. ಈ ವ್ಯತ್ಯಾಸವನ್ನು ಒಂದೊಂದು ತೋಳಿಗೆ ಹಂಚಿದರೆ ಒಂದು ಗೇಣಿಗೂ ಕಡಿಮೆ. ಕೇಳಲು ಅಲ್ಪ ಅನ್ನಿಸುತ್ತದೆ, ಆದರೆ ಆ ಜಾಗ ದಾಟಲು ಮಾರ್ಸಿಯಾನೊ ಒಂದು ಹೆಜ್ಜೆ ಒಳಗೆ ಇಡಲೇಬೇಕು. ಕಣ್ಣಿಗೆ ಕಂಡದ್ದಕ್ಕೆ ದೇಹ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡ್ ಬೇಕು. ಗುದ್ದು ಬಂದು ಮುಟ್ಟುವುದು 0.1 ಸೆಕೆಂಡಿನಲ್ಲಿ. ಹಾಗಾಗಿ ಗುದ್ದನ್ನು ನೋಡಿ ತಪ್ಪಿಸಿಕೊಳ್ಳುವುದು ಆಗದ ಮಾತು. ಎದುರಾಳಿಯ ಭುಜ, ಸೊಂಟ, ಪಾದ ನೋಡಿ ಮೊದಲೇ ಊಹಿಸಬೇಕು. ಕೋಚ್ ಚಾರ್ಲಿ ಗೋಲ್ಡ್‌ಮನ್ ಮಾರ್ಸಿಯಾನೊಗೆ ಕಲಿಸಿದ್ದು ಇದಕ್ಕೊಂದು ಉಪಾಯ: ಎತ್ತರ ಇಲ್ಲದಿದ್ದರೆ ಇನ್ನಷ್ಟು ಬಗ್ಗು, ತಲೆ ಸಿಗದಂತೆ ಒಳಗೆ ನುಗ್ಗು.

ಚಿಕ್ಕವನು ದೊಡ್ಡವನನ್ನು ಹೊಡೆದ ಉದಾಹರಣೆ ಬೇಕಾದಷ್ಟಿವೆ. 1919ರಲ್ಲಿ ಸುಮಾರು 85 ಕೆಜಿಯ ಜ್ಯಾಕ್ ಡೆಂಪ್ಸಿ, ಸುಮಾರು 111 ಕೆಜಿಯ ಜೆಸ್ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ. ಉಸಿಕ್ ಕೂಡ ಕ್ರೂಸರ್‌ವೇಟ್‌ನಿಂದ ಬಂದವನೇ, ಫ್ಯೂರಿಗಿಂತ 25 ಕೆಜಿ ಕಡಿಮೆ ತೂಗಿ ಗೆದ್ದ. ಆದರೆ ಇದನ್ನು ಹಿಡಿದು ಮಾರ್ಸಿಯಾನೊ ಪರ ವಾದಿಸುವವರು ಒಂದನ್ನು ಮರೆಯುತ್ತಾರೆ. ಆ 'ಚಿಕ್ಕ' ಉಸಿಕ್‌ನೇ 102 ಕೆಜಿ, ಎತ್ತರ 191 ಸೆಂ.ಮೀ.

ಮೈಕಟ್ಟು ಬಿಟ್ಟು ದಾಖಲೆ ನೋಡೋಣವೇ? ಓಟಗಾರರಿಗಾದರೆ ಗಡಿಯಾರ ಇದೆ. ಬಾಕ್ಸಿಂಗ್‌ನಲ್ಲಿ ಅಳತೆಗೋಲು ಅಂದರೆ ಎದುರಾಳಿಯೇ. ಹಾಗಾದರೆ ಎದುರಾಳಿಗಳ ಸರಪಳಿ ಕಟ್ಟಬಹುದು ಅಲ್ವಾ? ಸುಮ್ನೆ ಕೂತು ಕಟ್ಟಿ ನೋಡಿದೆ. ಮಾರ್ಸಿಯಾನೊ 1955ರಲ್ಲಿ ಆರ್ಚಿ ಮೂರ್‌ನನ್ನು ಸೋಲಿಸಿದ. ಅದೇ ಮೂರ್‌ನನ್ನು 1962ರಲ್ಲಿ ಮುಹಮ್ಮದ್ ಅಲಿ ಸೋಲಿಸಿದ. ಅಲಿಯನ್ನು ಹೋಮ್ಸ್, ಹೋಮ್ಸ್‌ನನ್ನು ಹೋಲಿಫೀಲ್ಡ್, ಹೋಲಿಫೀಲ್ಡ್‌ನನ್ನು ಲೆನಾಕ್ಸ್ ಲೂಯಿಸ್. ಲೂಯಿಸ್ 2003ರಲ್ಲಿ ವಿಟಾಲಿ ಕ್ಲಿಟ್ಸ್‌ಕೊನನ್ನು ಗೆದ್ದ, ವಿಟಾಲಿ 2012ರಲ್ಲಿ ಚಿಸೋರಾನನ್ನು ಗೆದ್ದ, ಚಿಸೋರಾನನ್ನು 2020ರಲ್ಲಿ ಉಸಿಕ್ ಗೆದ್ದ. ಬರೀ ಎಂಟು ಕೊಂಡಿಗಳಲ್ಲಿ ಮಾರ್ಸಿಯಾನೊನಿಂದ ಉಸಿಕ್‌ವರೆಗೆ!

ಖುಷಿಪಡುವ ಮೊದಲು ಕೊಂಡಿಗಳನ್ನು ಒಮ್ಮೆ ಜಗ್ಗಿ ನೋಡಬೇಕು. ಅಲಿಗೆ ಸಿಕ್ಕ ಮೂರ್ ನಲವತ್ತು ದಾಟಿದ್ದ. ಹೋಮ್ಸ್‌ಗೆ ಸಿಕ್ಕ ಅಲಿಗೆ 38. ಹೋಲಿಫೀಲ್ಡ್ ಎದುರು ಹೋಮ್ಸ್‌ಗೆ 42. ಲೂಯಿಸ್ ಎದುರು ಹೋಲಿಫೀಲ್ಡ್‌ಗೆ 37. ವಿಟಾಲಿ ಅಂಕಗಳಲ್ಲಿ ಮುಂದಿದ್ದ, ಮುಖದ ಗಾಯ ಜಾಸ್ತಿಯಾಗಿ ಪಂದ್ಯ ನಿಲ್ಲಿಸಿದರು. ಪ್ರತಿ ಕೊಂಡಿಯೂ ಹೀಗೆ ಎಲ್ಲೋ ಸವೆದಿದೆ. ಗೆಲುವು ಸೋಲುಗಳಿಂದ ಅಂಕ ಕೂಡಿಸುವ ರೇಟಿಂಗ್ ಪದ್ಧತಿಗಳ ಕಷ್ಟವೂ ಇದೇ. ಒಂದೇ ಕಾಲದವರ ನಡುವೆ ಅವು ಸರಿ ಹೇಳುತ್ತವೆ. ಕಾಲ ದಾಟಿಸಬೇಕಾದರೆ ಇಂಥ ಮುದಿ ಕೊಂಡಿಗಳನ್ನೇ ನಂಬಬೇಕು.

ನಿಯಮವೂ ಅಳತೆಗೋಲನ್ನು ಬಗ್ಗಿಸುತ್ತದೆ. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಪಂದ್ಯದ ಪೆಟ್ಟಿನಿಂದ ತೀರಿಕೊಂಡ ಮೇಲೆ ಪಟ್ಟದ ಪಂದ್ಯಗಳು ಹದಿನೈದು ರೌಂಡಿನಿಂದ ಹನ್ನೆರಡಕ್ಕೆ ಇಳಿದವು. ಒಳ್ಳೆಯದೇ ಆಯಿತು. ಆದರೆ ಆ ಫಿಲಡೆಲ್ಫಿಯಾದ ರಾತ್ರಿಗೆ ವಾಪಸ್ ಹೋಗಿ. ಹನ್ನೆರಡಕ್ಕೆ ಗಂಟೆ ಬಾರಿಸಿ ಮುಗಿಸಿದ್ದರೆ ಮಾರ್ಸಿಯಾನೊ ಸೋತಿದ್ದ. ಎಲ್ಲರೂ ಜಪಿಸುವ 49-0 ಅನ್ನುವ ಅಂಕಿಯೇ ಇರುತ್ತಿರಲಿಲ್ಲ.

ನನ್ನನ್ನೇ ಕೇಳಿದರೆ? 1952ರ ಮಾರ್ಸಿಯಾನೊನನ್ನು ಹಾಗೇ ಎತ್ತಿ ತಂದು ಉಸಿಕ್ ಎದುರು ಹನ್ನೆರಡು ರೌಂಡಿಗೆ ನಿಲ್ಲಿಸಿದರೆ ಉಸಿಕ್ ಕಡೆಗೆ ನನ್ನ ಮತ. ಇಂದಿನ ಕ್ರೂಸರ್‌ವೇಟ್‌ಗಳ ಎದುರು ಹದಿನೈದು ರೌಂಡ್ ಅಂದರೆ ಕಣ್ಣುಮುಚ್ಚಿ ಮಾರ್ಸಿಯಾನೊ. ಆತ ಇಂದೇ ಹುಟ್ಟಿ, ಇಂದಿನ ಊಟ, ಇಂದಿನ ತರಬೇತಿಯಲ್ಲಿ ಬೆಳೆದಿದ್ದರೆ ಅನ್ನುವುದು ಮೂರನೇ ಪ್ರಶ್ನೆ. ಜನ ಈ ಮೂರನ್ನೂ ಒಂದೇ ಅಂದುಕೊಂಡು ಜಗಳವಾಡುತ್ತಾರೆ.

ಕಂಪ್ಯೂಟರ್‌ಗೂ ಒಮ್ಮೆ ಈ ಜಗಳ ಒಪ್ಪಿಸಿದ್ದರು. 1969ರಲ್ಲಿ ಮಯಾಮಿಯಲ್ಲಿ ಮಾರ್ಸಿಯಾನೊ ಮತ್ತು ಅಲಿಯನ್ನು ರಿಂಗಿಗೆ ಇಳಿಸಿ ಒಂದು ಹುಸಿ ಪಂದ್ಯ ಚಿತ್ರೀಕರಿಸಿದರು. 45ರ ಮಾರ್ಸಿಯಾನೊ ಮೈ ಕರಗಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದಿದ್ದ. ಒಂದಕ್ಕಿಂತ ಹೆಚ್ಚು ಅಂತ್ಯ ಚಿತ್ರೀಕರಿಸಿ ಇಟ್ಟುಕೊಂಡರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಕಂಪ್ಯೂಟರಿನ ತೀರ್ಪು ತೆರೆಕಂಡಿತು: ಮಾರ್ಸಿಯಾನೊಗೆ ನಾಕೌಟ್ ಗೆಲುವು, ಅದೂ ಹದಿಮೂರನೇ ರೌಂಡಿನಲ್ಲಿ. ಆತ ಅದನ್ನು ನೋಡಲಿಲ್ಲ. ಹಿಂದಿನ ಆಗಸ್ಟ್ 31ರಂದು, 46 ತುಂಬಲು ಒಂದು ದಿನ ಇರುವಾಗ, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.