ಮೂವತ್ತು ಅಡಿಯ ನೀರು, ಸಾವಿರ ಅಡಿಯ ಬೋರು

ರಾತ್ರಿಯಿಡೀ ರಿಗ್ ಲಾರಿ ಕೊರೆದರೆ ಬೆಳಗ್ಗೆ ಅಕ್ಕಪಕ್ಕದ ಕಿಟಕಿ, ಕಾರು, ತುಳಸಿ ಗಿಡದ ಮೇಲೆಲ್ಲ ಬಿಳಿ ಕಲ್ಲುಪುಡಿ. ಬೆಂಗಳೂರಿನ ಹೊರವಲಯದಲ್ಲಿ ಸಾವಿರ ಅಡಿ ದಾಟಿದರೂ ಬರೀ ಪುಡಿ ಬರುವುದು ಈಗ ಹೊಸ ಸಂಗತಿಯೇನಲ್ಲ.

ಈ ಊರಿನ ಪಕ್ಕ ದೊಡ್ಡ ನದಿಯಿಲ್ಲ. ಕೆರೆ, ಬಾವಿಯ ಮೇಲೆ ಬದುಕಿದ ಊರಿಗೆ 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ನೀರು ಬಂತು.

ನಲ್ಲಿ ಬಂದ ಮೇಲೆ ಬಾವಿಯ ಕಥೆ ಏನಾಯ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಳೇ ಬಡಾವಣೆಗಳಲ್ಲಿ ಹಿತ್ತಲಿಗೊಂದು ಬಾವಿ, ಅದಕ್ಕೊಂದು ರಾಟೆ ಇರುತ್ತಿತ್ತು. ಮೂವತ್ತು, ನಲವತ್ತು ಅಡಿಗೆ ನೀರು. ಮೇಲಿನ ಮಣ್ಣು ಮತ್ತು ಪುಡಿಪುಡಿಯಾದ ಕಲ್ಲಿನ ಪದರ ಮಳೆನೀರನ್ನು ಸ್ಪಂಜಿನ ಹಾಗೆ ಹಿಡಿದಿಡುತ್ತದೆ. ಒಂದು ಒಳ್ಳೆಯ ಮಳೆಗಾಲ ಸಾಕು, ಬಾವಿಯಲ್ಲಿ ನೀರು ಮೇಲೇರುತ್ತದೆ. ಅದರ ಕೆಳಗೆ ಗಟ್ಟಿ ಬಂಡೆ. ಅಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಆ ಬಿರುಕು ಖಾಲಿಯಾದರೆ ಮತ್ತೆ ತುಂಬಲು ವರ್ಷಗಳೇ ಬೇಕು. ನಾವು ಮೇಲಿನದನ್ನು ಮುಚ್ಚಿ ಕೆಳಗಿನದನ್ನು ಕೊರೆದೆವು. ಎಷ್ಟೋ ಬಾವಿಗಳಿಗೆ ಕಟ್ಟಡದ ಮಣ್ಣು ಬಿತ್ತು, ಎಷ್ಟೋ ಬಾವಿಗಳಿಗೆ ಮೋರಿ ನೀರು ಸೇರಿತು. ಬಾವಿ ಎದುರಿಗಿದ್ದಾಗ ನೀರು ಇಳಿದಿದ್ದು ಮನೆಯವರಿಗೆ ಕಾಣುತ್ತಿತ್ತು. ಬೋರ್‌ನಲ್ಲಿ ಕಾಣುವುದಿಲ್ಲ, ಮೋಟಾರ್ ಗಾಳಿ ಎಳೆದಾಗಲೇ ಗೊತ್ತಾಗೋದು.

2007ರಲ್ಲಿ 110 ಹಳ್ಳಿಗಳು ನಗರಕ್ಕೆ ಸೇರಿದವು. ಅಲ್ಲಿ ಅಪಾರ್ಟ್‌ಮೆಂಟ್ ಮೊದಲು ಎದ್ದಿತು, ಕಾವೇರಿ ಪೈಪು ತಡವಾಯಿತು. ನಡುವಿನ ವರ್ಷಗಳನ್ನು ಬೋರು, ಟ್ಯಾಂಕರು ತುಂಬಿದವು. 2009ರಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಯಿತು, 2011ರಲ್ಲಿ ಅಂತರ್ಜಲ ಕಾನೂನು ಬಂತು. 2024ರ ಬೇಸಿಗೆಯಲ್ಲಿ ಸುಮಾರು 14,000 ಸರ್ಕಾರಿ ಬೋರ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಸೇರಿತು. ಸುಮಾರು 100 ಕಿಲೋಮೀಟರ್ ದೂರದಿಂದ, ಎತ್ತರಕ್ಕೆ ಪಂಪ್ ಮಾಡಿ ತರುವ ನೀರು ಅದು. ಬೇಕಾದದ್ದೇ. ಆದರೆ ನಮ್ಮ ತಲೆ ಮೇಲೇ ಬೀಳುವ ನೀರಿನ ಲೆಕ್ಕ ಯಾಕೆ ಹಿಂದೆ ಬಿತ್ತು?

ಇಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 30-40ರ ಸೈಟಿನ ಮೇಲೆ ಬೀಳುವುದೇ ಒಂದು ಲಕ್ಷ ಲೀಟರ್‌ಗಿಂತ ಜಾಸ್ತಿ. ಅದನ್ನು ಮಣ್ಣಿಗೆ ಇಳಿಸಲು ಇಂಗುಬಾವಿ ಸಾಕು: ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ, ಸುತ್ತ ಸಿಮೆಂಟ್ ರಿಂಗು. ತಲೆಮಾರುಗಳಿಂದ ಈ ಕೆಲಸ ಮಾಡುವ ಭೋವಿ ಸಮುದಾಯದವರು ಈಗಲೂ ನಗರದ ಸುತ್ತಮುತ್ತ ಇದ್ದಾರೆ. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳು ತೆಗೆದಾಗ ನೀರು ಸಿಕ್ಕಿತು, ಅದೂ ಪೇಟೆ ನಡುವೆ.

ನಮ್ಮ ಬೀದಿಯಲ್ಲಿ ಕಳೆದ ಮಳೆಗಾಲ ಅಂಥ ಒಂದು ಬಾವಿ ತೋಡಿದರು. ಒಬ್ಬರು ಒಳಗೆ, ಇಬ್ಬರು ಹಗ್ಗ ಹಿಡಿದು ಮೇಲೆ. ಎಂಟು ಅಡಿಗೆ ಕೆಂಪು ಮಣ್ಣು ಒದ್ದೆಯಾಗಿ ಬಂತು. ಪಕ್ಕದ ಮನೆಯ ತಾರಸಿ ಪೈಪು ಇನ್ನೂ ಚರಂಡಿಗೇ ಇದೆ.