ಚಿತ್ರ ನೋಡಿ ರೋಗ ಹೇಳಿ ಅನ್ನಬೇಡಿ

ದಯವಿಟ್ಟು ಮಕ್ಕಳ ಚಿತ್ರದ ಫೋಟೊ ವಾಟ್ಸಾಪಿಗೆ ಕಳಿಸಿ, 'ಕಪ್ಪು ಜಾಸ್ತಿ ಬಳಿದಿದ್ದಾನೆ, ಡಿಪ್ರೆಶನ್ನಾ ಸರ್?' ಅಂತ ಕೇಳಬೇಡಿ. ಬಳ್ಳಾರಿಯ ಸುತ್ತ ಎರೆ ಹೊಲಗಳ ನಡುವೆ ಬೆಳೆದ ಮಗು ನೆಲಕ್ಕೆ ಕಪ್ಪು ಬಳಿಯದೆ ಇನ್ನೇನು ಬಳಿಯಬೇಕು? ಈ ಬಣ್ಣಕ್ಕೆ ಈ ರೋಗ ಅಂತ ಪಟ್ಟಿ ಇಟ್ಟುಕೊಂಡು ಯಾವ ಮನೋವೈದ್ಯರೂ ಕೂತಿರುವುದಿಲ್ಲ.

ಸಂಡೂರು ಕಡೆಯ ಒಬ್ಬ ಹುಡುಗ ಮರದ ಎಲೆಗೆಲ್ಲ ಕೆಂಪು ಹಚ್ಚಿದ್ದ. ರಕ್ತ, ಸಿಟ್ಟು, ಏನೋ ಕಂಡು ಹೆದರಿದ್ದಾನೆ ಅಂತ ಮನೆಯವರಿಗೆ ಗಾಬರಿ. ಅವನನ್ನೇ ಕೇಳಿದೆ. 'ನಮ್ಮೂರ ರೋಡಿನ ಗಿಡ ಹಿಂಗೇ ಇರ್ತಾವಲ್ಲ ಸರ್, ಅದಿರಿನ ಲಾರಿ ಓಡಾಡ್ತಾವು, ಕೆಂಪು ಧೂಳು ಕೂರ್ತೈತಿ' ಅಂದ. ಚಿತ್ರದ ಅರ್ಥ ಬರೆದವರ ಬಾಯಿಂದ ಬರಬೇಕು. ನನ್ನ ಬಾಯಿಂದಲ್ಲ, ನಿಮ್ಮ ಬಾಯಿಂದಂತೂ ಅಲ್ಲ.

ಹಾಗಾದರೆ ಚಿತ್ರದಿಂದ ಉಪಯೋಗವೇ ಇಲ್ವಾ? ಬಹಳ ಇದೆ. ಖಿನ್ನತೆ ಅಳೆಯಲು ನಾವು ಬಳಸುವ ಪಿಎಚ್‌ಕ್ಯೂ-9ರಲ್ಲಿ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27 ಅಂಕ. ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಆದರೆ ಕಳೆದ 2 ವಾರದಲ್ಲಿ ಎಷ್ಟು ದಿನ ಆಸಕ್ತಿ ಇರಲಿಲ್ಲ ಅಂದರೆ ನಮ್ಮ ಹೆಂಗಸರು 'ಕೆಲ್ಸ ನಡದೈತ್ರಿ' ಅಂದುಬಿಡುತ್ತಾರೆ.

ಕೊಪ್ಪಳದ ಕಿನ್ನಾಳದ ಕಡೆ ಗೊಂಬೆಗೆ ಬಣ್ಣ ಹಚ್ಚುವ ಅಕ್ಕ ಒಬ್ಬರು ಹಾಗೇ ಅಂದರು. ಅಂಕ ಹೆಚ್ಚಾದಷ್ಟೂ ಖಿನ್ನತೆ ಹೆಚ್ಚು; ಅವರಿಗೆ ಬಂದದ್ದು ಬರೀ 6. ಹಾಳೆ, ಪೆನ್ಸಿಲ್ ಕೊಟ್ಟೆ. ಗೌರಿ ಗೊಂಬೆ ಬರೆದರು. ಸೀರೆ ಅಂಚು, ಮೂಗುತಿ, ಬಳೆ, ಎಲ್ಲಾ ಅಚ್ಚುಕಟ್ಟು. ಕಣ್ಣು ಮಾತ್ರ ಇಲ್ಲ. ಯಾಕೆ ಅಂದಿದ್ದಕ್ಕೆ, 'ಕಣ್ಣು ಬರಿಯೋದು ಬಿಟ್ಟೀನ್ರಿ. ದೀಪಾವಳಿಯಿಂದ ಸೊಸಿನೇ ಬರೀತಾಳ. ಮನಸೇ ಬರಂಗಿಲ್ರಿ' ಅಂದರು. ನಮ್ಮ ಯಾವ ಫಾರಮ್ಮಿನಲ್ಲೂ ಈ ಪ್ರಶ್ನೆ ಇಲ್ಲ. ನಿದ್ದೆ, ಊಟ, ಥೈರಾಯ್ಡ್, ದೃಷ್ಟಿ ಎಲ್ಲಾ ನೋಡಿಯೇ ಚಿಕಿತ್ಸೆ ಶುರು ಮಾಡಿದ್ದು. ಆಮೇಲೆ ಅವರು ಬಂದಾಗಲೆಲ್ಲ ಅಂಕದ ಜೊತೆ ಇದನ್ನೂ ಕೇಳುತ್ತಿದ್ದೆ: 'ಕಣ್ಣು ಯಾರು ಬರೆದ್ರು ಅಕ್ಕಾ?'

ಇದು ಅವರೊಬ್ಬರ ಅಳತೆ. ಇನ್ನೊಬ್ಬರು ಕಣ್ಣಿಲ್ಲದ ಮುಖ ಬರೆದರೆ ಅದು ಬರೀ ಅವಸರ ಇರಬಹುದು. ಮತ್ತೆ ಮತ್ತೆ ಹೇಳುತ್ತೇನೆ: ಒಬ್ಬರ ಚಿತ್ರವನ್ನು ಅವರದೇ ಹಿಂದಿನ ಚಿತ್ರದ ಪಕ್ಕ ಇಟ್ಟು ನೋಡಿ. ಪಕ್ಕದ ಮನೆ ಮಗುವಿನ ಚಿತ್ರದ ಜೊತೆ ಬೇಡ. ತಿಂಗಳುಗಟ್ಟಲೆ ಬರೆದದ್ದು ಇದ್ದರೆ ಎಲ್ಲಾ ತನ್ನಿ, ತಾರೀಖು ಹಾಕಿ ತನ್ನಿ. ಬರೆದವರನ್ನೂ ಕರೆತನ್ನಿ.

1985ರಲ್ಲಿ ನಿಮ್ಹಾನ್ಸ್ ಜಿಲ್ಲಾ ಮಾನಸಿಕ ಆರೋಗ್ಯದ ಪ್ರಯೋಗ ಶುರು ಮಾಡಿದ್ದು ನಮ್ಮ ಬಳ್ಳಾರಿಯಲ್ಲೇ. 1996ರಲ್ಲಿ ಅದೇ ಮಾದರಿ ಬೇರೆ ಜಿಲ್ಲೆಗಳಿಗೂ ಹೋಯಿತು. ಮನಸ್ಸಿನ ತೊಂದರೆಯನ್ನು ಊರಿನ ಆಸ್ಪತ್ರೆಯಲ್ಲೇ ಕೂರಿಸಿ ಕೇಳಬಹುದು ಅಂತ ತೋರಿಸಿದ ಜಿಲ್ಲೆಯವರು, ಕೇಳುವುದನ್ನೇ ಬಿಟ್ಟು ಬಣ್ಣ ಎಣಿಸುತ್ತಾ ಕೂತರೆ ನನಗೆ ಬೇಜಾರಾಗುತ್ತದೆ.

ಸಾಯುವ ಮಾತು ಬಂದರೆ ಮಾತ್ರ ಚಿತ್ರಕ್ಕಾಗಿ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಆಗಲೇ ಫೋನ್ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರನ್ನು ಒಬ್ಬರನ್ನೇ ಬಿಡಬೇಡಿ.